ಉಸಿರು ಹಿಡಿದ ಅರವತ್ತಮೂರು ಮುಖಗಳು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಎಕ್ಸ್‌ರೇ ಅಕ್ಕ ಎಂದು. ಅವಳಿಗಿಂತ ಏಳು ವರ್ಷ ದೊಡ್ಡವಳಾದ ಆಯಮ್ಮನೂ ಅಕ್ಕ ಅನ್ನುತ್ತಾಳೆ. ಇಪ್ಪತ್ತು ವರ್ಷ ಚಿಕ್ಕವನಾದ ಮ್ಯಾನೇಜರೂ ಸಿಟ್ಟಿಲ್ಲದ ದಿನ ಅಕ್ಕ ಅನ್ನುತ್ತಾನೆ. ಕೆಳಗಿನ ಮಹಡಿಯ ಕಾರಿಡಾರಿನ ಕೊನೆಯಲ್ಲಿ, ಔಷಧಿ ಕೋಣೆಗೂ ಶೌಚಾಲಯಕ್ಕೂ ನಡುವೆ, ಕಿಟಕಿ ಇಲ್ಲದ ಒಂದು ಕೋಣೆ ಅವಳದು. ಇಪ್ಪತ್ತನಾಲ್ಕು ವರ್ಷದಿಂದ ಅವಳು ಅಲ್ಲಿ ಜನರನ್ನು ಗೋಡೆಗೆ ನಿಲ್ಲಿಸಿ, ಗಲ್ಲ ಎತ್ತಿಸಿ, ಭುಜ ಮುಂದಕ್ಕೆ ತರಿಸಿ, ತಾನು ಸೀಸದ ತಗಡು ಹೊಡೆದ ಅಡ್ಡಗೋಡೆಯ ಹಿಂದೆ ಹೋಗಿ ನಿಂತು ಒಂದೇ ಧಾಟಿಯಲ್ಲಿ ಹೇಳುತ್ತ ಬಂದಿದ್ದಾಳೆ: "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ." ಆಮೇಲೆ ಒಂದು ಟಕ್. "ಹಾಂ, ಬಿಡಿ." ಈ ಮೂರು ಮಾತಿನಿಂದ ಆಯಮ್ಮನ ಹತ್ತೊಂಬತ್ತು ವರ್ಷದ ಕೆಲಸ ಹೋಗುವ ಹಂತಕ್ಕೆ ಬಂದೀತು ಎಂದು ಯಾರೂ ಎಣಿಸಿರಲಿಲ್ಲ. ಎಣಿಸುವಂಥ ಮಾತೂ ಅದಲ್ಲ.

ಫೋಟೋ ತೆಗೆಯುವ ಹುಚ್ಚು ಅಕ್ಕನಿಗೆ ಹತ್ತಿದ್ದು ನಲವತ್ತೊಂಬತ್ತನೇ ವಯಸ್ಸಿನಲ್ಲಿ, ತರಕಾರಿ ಅಂಗಡಿಯ ಮುಂದೆ. ಒಬ್ಬ ಗಂಡಸು ಎದುರಿಗೆ ಬಂದು ಹಲ್ಲು ಬಿಟ್ಟು ನಿಂತ.

"ಏನಕ್ಕ, ಗುರುತು ಸಿಕ್ತಾ?"

ಸಿಗಲಿಲ್ಲ. ಅವಳು ಅವನ ಮೂಗು ನೋಡಿದಳು, ಹುಬ್ಬು ನೋಡಿದಳು, ಏನೂ ಹೊಳೆಯಲಿಲ್ಲ.

"ಹೋದ ವರ್ಷ ಮೂರು ಸಲ ಬಂದಿದ್ನಲ್ಲ. ಸ್ಕೂಟರಿಂದ ಬಿದ್ದು."

"ಎಡಗಡೆ ಕೊರಳ ಮೂಳೆನಾ?"

"ಹೌದು, ಅದೇ."

"ಅಯ್ಯೋ ನೀವಾ. ಮೊದಲೇ ಹೇಳಬಾರದಾ. ಚೆನ್ನಾಗಿ ಕೂಡ್ಕೊಂಡಿದೆಯಾ?" ಎಂದವಳೇ ಅಕ್ಕ, ಹಳೆಯ ಗೆಳತಿಯನ್ನು ಕಂಡಷ್ಟು ಸಂಭ್ರಮದಲ್ಲಿ, ನಡುಬೀದಿಯಲ್ಲಿ ಅವನ ಅಂಗಿಯ ಕಾಲರಿನೊಳಗೆ ಬೆರಳು ಹಾಕಿ ಮೂಳೆ ಮುಟ್ಟಿ ನೋಡಿದಳು. ಪಕ್ಕದಲ್ಲಿ ಹುರುಳಿಕಾಯಿ ಆರಿಸುತ್ತಿದ್ದ ಅವನ ಹೆಂಡತಿಗೆ ಅದು ಅಷ್ಟು ಹಿಡಿಸಲಿಲ್ಲ.

ಅಕ್ಕನ ಗಂಡ ಗಡಿಯಾರ ರಿಪೇರಿಯವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ಸಂಜೆ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ ಅವನು ಕತೆಯನ್ನೆಲ್ಲ ಕೇಳಿದ.

"ಅಂದ್ರೆ ಇಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬರ ಮುಖಾನೂ ನೀನು ನೋಡಿಲ್ಲ."

"ಮುಖದ್ದು ಬರೋದೇ ಕಮ್ಮಿ ರೀ. ಸೈನಸ್ ಇದ್ರೆ ಮಾತ್ರ."

"ನನ್ನನ್ನ ಬಜಾರಲ್ಲಿ ಕಂಡ್ರೆ ಗುರುತು ಹಿಡೀತೀಯಾ?"

"ನೀವು ಗೊರಕೆ ಹೊಡೆದ್ರೆ ಹಿಡೀತೀನಿ."

ಗಂಡ ನಕ್ಕು ಚಿಮಟ ಕೆಳಗಿಟ್ಟ. ಅಕ್ಕ ನಗಲಿಲ್ಲ. ಮೂರು ದಿನ ಅದೇ ಯೋಚನೆ. ನಾಲ್ಕನೇ ದಿನ ಹಲ್ಲಿನ ಡಾಕ್ಟರು ಹೊಸ ಕ್ಯಾಮೆರಾ ಕೊಂಡು ಹಳೆಯದನ್ನು ಯಾರಿಗಾದರೂ ಕೊಡಬೇಕು ಅಂದಾಗ, ಅವರ ಮಾತು ಮುಗಿಯುವ ಮೊದಲೇ ಅದರ ಪಟ್ಟಿ ಇವಳ ಕುತ್ತಿಗೆಯಲ್ಲಿತ್ತು.

ಮೊದಲ ಫೋಟೋ ಸಹಜವಾಗಿಯೇ ಗಂಡನದು. ಅವನನ್ನು ಗೋಡೆಗೆ ನಿಲ್ಲಿಸಿ ವಾಚು, ಉಂಗುರ, ಬೆಲ್ಟು ಬಿಚ್ಚಿಸಿದಳು. ಜೇಬಿನಲ್ಲಿ ಕೀಲಿ ಇದೆಯಾ ಎಂದು ಕೇಳಿದಳು. ಹಿಂದೆಂದಾದರೂ ಆಪರೇಷನ್ ಆಗಿದೆಯಾ ಎಂದೂ ಕೇಳಿದಳು. ಗಲ್ಲ ಎತ್ತಿಸಿದಳು, ಉಸಿರು ಎಳೆಸಿದಳು, ಹಿಡಿಸಿದಳು. ಆಮೇಲೆ ಗುಂಡಿ ಒತ್ತುವ ಕ್ಷಣಕ್ಕೆ ಸರಿಯಾಗಿ, ತನಗೇ ಗೊತ್ತಿಲ್ಲದಂತೆ, ಅಡುಗೆಮನೆಯ ಬಾಗಿಲ ಹಿಂದಕ್ಕೆ ಸರಿದುಬಿಟ್ಟಳು. ಫೋಟೋದಲ್ಲಿ ಮುಕ್ಕಾಲು ಭಾಗ ಬಾಗಿಲು, ಕಾಲು ಭಾಗ ಗಂಡ. ಆ ಕಾಲು ಗಂಡನೂ ಕಪ್ಪೆಯಂತೆ ಉಬ್ಬಿದ್ದ.

"ನನ್ನ ಮುಖ ಕಂಡ್ರೆ ಅಷ್ಟು ಭಯಾನಾ ನಿಂಗೆ?"

"ಅಭ್ಯಾಸ ರೀ. ಸುಮ್ನಿರಿ. ಈಗ ಪಕ್ಕಕ್ಕೆ ತಿರುಗಿ, ಸೈಡಿಂದೊಂದು ಬೇಕು."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಸುಬಿನ ಗುಣ ಅದಕ್ಕಿಂತ ಗಟ್ಟಿ. ಅಕ್ಕ ಏನು ತೆಗೆದರೂ ಮುಂದಿನಿಂದ ಒಂದು, ಪಕ್ಕದಿಂದ ಒಂದು. ಕಿಟಕಿಯ ಮೇಲೆ ಮಲಗಿದ ಬೆಕ್ಕಿಗೂ ಎರಡು. ಎಕ್ಸ್‌ರೇಯಲ್ಲಿ ಏನೂ ತುಂಡಾಗಬಾರದು, ಮೊಣಕಾಲು ತೆಗೆದರೆ ಮೇಲಷ್ಟು ಕೆಳಗಷ್ಟು ಬರಲೇಬೇಕು. ಹಾಗಾಗಿ ಅವಳ ಗುಲಾಬಿ ಫೋಟೋದಲ್ಲಿ ಕಾಂಡ, ಕುಂಡ, ಕುಂಡದ ಕೆಳಗಿನ ತಟ್ಟೆ, ತಟ್ಟೆಯಲ್ಲಿ ನಿಂತ ನೀರು ಎಲ್ಲವೂ ಇದ್ದವು. ಹೂವು ಎಲ್ಲಿದೆ ಎಂದು ಗಂಡ ತನ್ನ ಭೂತಗನ್ನಡಿ ಇಟ್ಟು ಹುಡುಕಿದ. ಕಾಗದದ ಮೇಲೆ ಅಚ್ಚು ಹಾಕಿಸಿ ತಂದ ಫೋಟೋಗಳನ್ನು ಅವಳು ಮೊದಲು ನೋಡಿದ್ದೂ ಬಲ್ಬಿಗೆ ಎತ್ತಿ ಹಿಡಿದು. ಏನೂ ಕಾಣಲಿಲ್ಲ. ಅಚ್ಚು ಹಾಕಿದವನ ಮೇಲೆ ಸಿಟ್ಟಾದಳು.

ವಾಚನಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಹೊಸಬರಿಗೆ ಫೋಟೋ ಪಾಠ ಇದೆ ಎಂದು ತಿಳಿದು ಅಲ್ಲಿಗೂ ಸೇರಿದಳು. ಪಾಠ ಹೇಳುವವರು ನಿವೃತ್ತ ಡ್ರಾಯಿಂಗ್ ಮಾಸ್ತರು. ಅವಳು ತಂದ ಹನ್ನೆರಡು ಫೋಟೋಗಳನ್ನು ಅವರು ಮೇಜಿನ ಮೇಲೆ ಹರಡಿ, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ನೋಡಿದರು.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವರೆಲ್ಲ ಯಾಕೆ ಬಾವಿಗೆ ಹಾರೋಕೆ ಹೊರಟವರ ಥರ ಇದಾರೆ?"

"ಅಲ್ಲಾಡಬಾರದು ಅಂತ ಸರ್."

"ಅಲ್ಲಾಡ್ತಿಲ್ಲ, ನಿಜ. ಜೀವ ಇದೆಯಾ ಅಂತ ನನ್ನ ಪ್ರಶ್ನೆ."

ಅಕ್ಕ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು: ಜೀವ ಇರಬೇಕು. ಕೆಳಗೊಂದು ಗೆರೆ ಎಳೆದಳು. ಅದನ್ನು ಎಲ್ಲಿಂದ ತರುವುದೆಂದು ಮಾತ್ರ ತಿಳಿಯಲಿಲ್ಲ.

ಇಷ್ಟರಲ್ಲಿ ಆಸ್ಪತ್ರೆಗೆ ಮುಖ ನೋಡಿ ಹಾಜರಿ ಹಾಕುವ ಮೆಷಿನ್ ಬಂತು. ಗೇಟಿನ ಒಳಗಿನ ಕಂಬದ ಪಕ್ಕ, ಎದೆಯೆತ್ತರದ ಒಂದು ಸ್ಟ್ಯಾಂಡು, ಅದರ ಮೇಲೆ ತಟ್ಟೆಯಷ್ಟಗಲದ ಪರದೆ. ಎದುರು ನಿಂತರೆ, ಗುರುತು ಸಿಕ್ಕಿದರೆ, ಹೆಂಗಸಿನ ದನಿಯಲ್ಲಿ "ಧನ್ಯವಾದ" ಅನ್ನುತ್ತದೆ. ಸಿಗದಿದ್ದರೆ "ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ." ಹೆಡ್ ಆಫೀಸಿನವರು ಆರಿಸಿದ್ದು ಇದ್ದುದರಲ್ಲಿ ಅಗ್ಗದ್ದು. ಅದಕ್ಕೆ ಅರವತ್ತಮೂರು ಜನರ ಫೋಟೋ ಹಾಕಬೇಕು ಎಂದು ಮ್ಯಾನೇಜರ್ ಸ್ಟುಡಿಯೋದವನನ್ನು ಕರೆಸಹೊರಟಿದ್ದ. ಅಕ್ಕ ಅವನ ಬಾಗಿಲಲ್ಲಿ ಹೋಗಿ ನಿಂತಳು.

"ನಾನಿರುವಾಗ ಹೊರಗಿನವರು ಯಾಕೆ? ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಒಂದು ಫಿಲ್ಮ್ ಅಲ್ಲಾಡಿದ್ದಿದೆಯಾ?"

ಇರಲಿಲ್ಲ. ಮ್ಯಾನೇಜರ್ ಒಪ್ಪಿದ.

ಒಂದೇ ದಿನದಲ್ಲಿ ಮುಗಿಸಿದಳು. ಎಕ್ಸ್‌ರೇ ಕೋಣೆಯ ಗೋಡೆಯೇ ಹಿನ್ನೆಲೆ. ಈ ಸಲ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಉದ್ದ ತಂತಿಯ ಗುಂಡಿ ಹಿಡಿದು, ನೆಮ್ಮದಿಯಾಗಿ ಅಡ್ಡಗೋಡೆಯ ಹಿಂದೆ ನಿಂತಿದ್ದಳು. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಟಕ್, ಬಿಡಿ, ಮುಂದಿನವರು. ಡಾಕ್ಟರುಗಳು, ನರ್ಸುಗಳು, ಅಡುಗೆಯವನು, ವಾಚ್‌ಮನ್, ಕೊನೆಗೆ ಮ್ಯಾನೇಜರ್. ತನ್ನ ಫೋಟೋಕ್ಕೆ ವಾಚ್‌ಮನ್ ಕೈಗೆ ಗುಂಡಿ ಕೊಟ್ಟು ಗೋಡೆಗೆ ನಿಂತಳು. ಆದರೆ ಆಜ್ಞೆ ಮಾಡಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅದನ್ನೂ ತಾನೇ ಮಾಡಿಕೊಂಡಳು. ಫೋಟೋ ಬಿದ್ದದ್ದು "ಹಿಡ್ಕೊಳ್ಳಿ" ಅನ್ನುವಾಗ.

ಸೋಮವಾರ ಬೆಳಿಗ್ಗೆ ಮೆಷಿನ್ ಒಬ್ಬರನ್ನೂ ಗುರುತು ಹಿಡಿಯಲಿಲ್ಲ. ದೊಡ್ಡ ಡಾಕ್ಟರು ಎದುರು ನಿಂತು ಮುಗುಳ್ನಕ್ಕರು. ಗುರುತು ಸಿಗಲಿಲ್ಲ. ನರ್ಸು ಕೂದಲು ಸರಿಮಾಡಿಕೊಂಡಳು. ಗುರುತು ಸಿಗಲಿಲ್ಲ. ಅಡುಗೆಯವನು ಮೆಷಿನ್‌ಗೆ ತನ್ನ ಹೆಸರು ಹೇಳಿದ, ಊರು ಹೇಳಿದ, ಅಪ್ಪನ ಹೆಸರೂ ಹೇಳಿದ. ಮೊದಲ ದಿನವೆಂದು ಮ್ಯಾನೇಜರ್ ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಬಿಟ್ಟ.

ಗುಟ್ಟು ಬಯಲಾದದ್ದು ಮಂಗಳವಾರ. ವಾಚ್‌ಮನ್ ನೀರಿನ ದೊಡ್ಡ ಕ್ಯಾನು ಎತ್ತಿಕೊಂಡು ಮೆಷಿನ್ ಮುಂದೆ ಹಾದುಹೋಗುತ್ತಿದ್ದ. ಭಾರಕ್ಕೆ ಉಸಿರು ಬಿಗಿಹಿಡಿದಿದ್ದ, ಕೆನ್ನೆ ಉಬ್ಬಿತ್ತು, ಕಣ್ಣು ಹೊರಗೆ ಬಂದಿತ್ತು. "ಧನ್ಯವಾದ" ಅಂದಿತು ಮೆಷಿನ್. ಅವನು ಕ್ಯಾನು ಕೆಳಗಿಟ್ಟು ಮತ್ತೆ ನಿಂತ. ಗುರುತು ಸಿಗಲಿಲ್ಲ. ಕ್ಯಾನು ಎತ್ತಿದ. ಧನ್ಯವಾದ.

ಅಂದಿನಿಂದ ಬೆಳಿಗ್ಗೆ ಒಂಬತ್ತರೊಳಗೆ ಆಸ್ಪತ್ರೆಯ ಗೇಟಿನಲ್ಲಿ ನಡೆದದ್ದನ್ನು ಕಂಡವರೇ ನಂಬಬೇಕು. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಸಾಲಾಗಿ ಬಂದು, ಗಲ್ಲ ಎತ್ತಿ, ಎದೆಯುಬ್ಬಿಸಿ, ಕಣ್ಣರಳಿಸಿ ಒಂದು ಕ್ಷಣ ನಿಲ್ಲುವುದು. ಧನ್ಯವಾದ. ಬುಸ್ ಎಂದು ಉಸಿರು ಬಿಟ್ಟು ಒಳಗೆ ಹೋಗುವುದು. ನೆಗಡಿ ಹಿಡಿದವರು ಮೂರು ಮೂರು ಸಲ ನಿಲ್ಲಬೇಕಾಯಿತು. ಅಕ್ಕ ಮಾತ್ರ ಮೆಷಿನ್‌ಗೆ "ಹಿಡ್ಕೊಳ್ಳಿ" ಎಂದು ಆಜ್ಞೆ ಮಾಡಿ ಒಳಗೆ ಬರುತ್ತಿದ್ದಳು. ಚೀಟಿ ಮಾಡಿಸಲು ಬಂದ ರೋಗಿಗಳು ಇದೂ ಒಂದು ಪರೀಕ್ಷೆ ಇರಬೇಕೆಂದು ತಾವೂ ಸಾಲಿನಲ್ಲಿ ನಿಂತು ಉಬ್ಬಿ ಹೋಗತೊಡಗಿದರು. ಮುದುಕರೊಬ್ಬರು ಎರಡು ಸಲ ಉಬ್ಬಿ, ಎರಡು ಸಲವೂ ಗುರುತು ಸಿಗದೆ, ತಮಗೇನೋ ದೊಡ್ಡ ಕಾಯಿಲೆಯೇ ಇದೆಯೆಂದು ಬೆಂಚಿನ ಮೇಲೆ ಕುಸಿದರು.

ಎಲ್ಲರೂ ಹೊಂದಿಕೊಂಡರು, ಆಯಮ್ಮನೊಬ್ಬಳನ್ನು ಬಿಟ್ಟು.

ಆಯಮ್ಮ ರೋಗಿಗಳನ್ನು ಗಾಲಿಕುರ್ಚಿಯಲ್ಲಿ ತಳ್ಳುವವಳು, ಹಾಸಿಗೆ ಬದಲಿಸುವವಳು, ಟೀ ಹಂಚುವವಳು. ಐವತ್ತಾರು ವರ್ಷ, ಮುಂದಿನ ಎರಡು ಹಲ್ಲಿಲ್ಲ, ಮೈಯೆಲ್ಲ ನಗು. ಫೋಟೋ ತೆಗೆಯುವ ದಿನ ಅಕ್ಕನ ಗದರಿಕೆಗೆ ಹೆದರಿ ಸರಿಯಾಗಿಯೇ ಉಸಿರು ಹಿಡಿದಿದ್ದಳು. ಆದರೆ ಮೆಷಿನ್ ಮುಂದೆ ಸಾಲಿನಲ್ಲಿ ನಿಂತಾಗ, ಎದುರಿಗೆ ದೊಡ್ಡ ಡಾಕ್ಟರು ಬಲೂನಿನಂತೆ ಉಬ್ಬುವುದನ್ನು ನೋಡಿದರೆ ಹೊಟ್ಟೆಯೊಳಗಿಂದ ಏನೋ ಎದ್ದು ಬರುತ್ತಿತ್ತು. ತನ್ನ ಸರದಿ ಬರುವಷ್ಟರಲ್ಲಿ ಕಣ್ಣಲ್ಲಿ ನೀರು, ಭುಜ ಕುಲುಕಾಟ. ಗುರುತು ಸಿಗಲಿಲ್ಲ.

"ಇನ್ನೊಂದು ಸಲ ನಿಂತ್ಕೊಳ್ಳಿ ಆಯಮ್ಮ," ಅನ್ನುತ್ತಿದ್ದ ವಾಚ್‌ಮನ್.

"ನಿಂತ್ಕೊತೀನಪ್ಪ. ಆ ಅಡುಗೆಯವನನ್ನ ಮೊದಲು ಆ ಕಡೆ ಕಳಿಸು. ಅವನ ಮುಖ ನೋಡಿದ್ರೆ ನಂಗಾಗಲ್ಲ."

ಅಡುಗೆಯವನು ಹೋದರೆ ಔಷಧಿ ಕೋಣೆಯವನು ಬರುತ್ತಿದ್ದ. ಒಂದು ದಿನ ಹೀಗೆ, ಎರಡು ದಿನ ಹೀಗೆ. ಏಳನೆಯ ದಿನ ಮ್ಯಾನೇಜರ್ ಅಕ್ಕನನ್ನು ಕರೆಸಿದ.

"ಅಕ್ಕ, ಆಯಮ್ಮ ಏಳು ದಿನದಿಂದ ಕೆಲಸಕ್ಕೆ ಬಂದಿಲ್ಲ."

"ಈಗ ತಾನೇ ನಿಮಗೆ ಟೀ ಕೊಟ್ಟು ಹೋದ್ರಲ್ಲ."

"ಟೀ ಕೊಟ್ಟಿದ್ದು ನಿಜ. ಬಂದಿಲ್ಲ."

ಅವನು ಪರದೆ ತಿರುಗಿಸಿ ತೋರಿಸಿದ. ಏಳು ಕೆಂಪು ಚುಕ್ಕೆ. ಸತತ ಹತ್ತು ದಿನ ಬೆಳಿಗ್ಗೆ ಒಂಬತ್ತರೊಳಗೆ ಹಾಜರಿ ಬೀಳದವರನ್ನು ಕೆಲಸ ಬಿಟ್ಟವರೆಂದು ಕಂಪ್ಯೂಟರ್ ತಾನಾಗಿಯೇ ಹೆಡ್ ಆಫೀಸಿಗೆ ತಿಳಿಸುತ್ತದೆ. ಆಯಮ್ಮ ಹತ್ತೊಂಬತ್ತು ವರ್ಷದಿಂದ ತಾತ್ಕಾಲಿಕ. ಮುಂದಿನ ತಿಂಗಳು ಕಾಯಂ ಆಗುವವರ ಪಟ್ಟಿಯಲ್ಲಿ ಅವಳದು ಮೂರನೇ ಹೆಸರು. ಒಮ್ಮೆ ಹೆಸರು ಹೋದರೆ ಹೊಸಬಳಾಗಿ ಮೊದಲಿಂದ ಶುರು.

"ನೀವೊಂದು ಚೀಟಿ ಬರೆದುಕೊಡಬಾರದಾ?"

"ಬರೆದೆ. ಮೆಷಿನ್ ನೋಡದೇ ಇರೋದನ್ನ ನೀವು ಹೇಗೆ ನೋಡಿದ್ರಿ ಅಂತ ಕೇಳಿದಾರೆ."

ಒಂದೇ ದಾರಿ ಇತ್ತು. ವರ್ಷಕ್ಕೊಂದು ಸಲ ನೌಕರರು ಅರ್ಜಿ ಕೊಟ್ಟು ಫೋಟೋ ಬದಲಾಯಿಸಬಹುದು. ನೇರ ಮುಖ, ಎರಡೂ ಕಿವಿ ಕಾಣಬೇಕು, ಕಣ್ಣು ತೆರೆದಿರಬೇಕು. ಸಂಜೆ ಐದರೊಳಗೆ ಹಾಕಿದರೆ ಮರುದಿನ ಬೆಳಿಗ್ಗೆಗೆ ಮೆಷಿನ್‌ಗೆ ಹೋಗುತ್ತದೆ. ಅಕ್ಕನಿಗೆ ಕೂಡಲೇ ಹೊಳೆಯಿತು. ಮೆಷಿನ್ ಮುಂದೆ ಆಯಮ್ಮ ನಗುತ್ತಾಳೆ ತಾನೇ, ಹಾಗಾದರೆ ನಗುವ ಫೋಟೋವನ್ನೇ ಹಾಕಿದರಾಯಿತು. ಆಯಮ್ಮನಿಂದ ನಗು ತೆಗೆಯುವುದೆಂದರೆ ಹರಿಯುವ ನಲ್ಲಿಗೆ ಬಿಂದಿಗೆ ಹಿಡಿದಂತೆ ಎಂದುಕೊಂಡು ಎಂಟನೇ ದಿನ ಕ್ಯಾಮೆರಾ ಎತ್ತಿಕೊಂಡು ವಾರ್ಡಿಗೆ ಹೋದಳು.

ಆಯಮ್ಮ ಕ್ಯಾಮೆರಾ ನೋಡಿದಳು. ಗಲ್ಲ ತಾನಾಗಿ ಮೇಲೆದ್ದಿತು. ಎದೆ ಉಬ್ಬಿತು. ಉಸಿರು ನಿಂತಿತು.

"ಉಸಿರು ಬಿಡಿ ಆಯಮ್ಮ."

ಬಿಟ್ಟಳು. ಕ್ಯಾಮೆರಾ ಎತ್ತಿದ ಕೂಡಲೇ ಮತ್ತೆ ಹಿಡಿದಳು. ಹತ್ತೊಂಬತ್ತು ವರ್ಷ ದಿನಕ್ಕೆ ಹತ್ತು ರೋಗಿಗಳನ್ನು ಎಕ್ಸ್‌ರೇಗೆ ತಂದು, ಬಾಗಿಲ ಹೊರಗೆ ನಿಂತು ಅಕ್ಕನ ಮಾತು ಕೇಳಿ ಕೇಳಿ, ಅವಳಿಗೆ ಅದು ಮೈಗೆ ಹತ್ತಿಹೋಗಿತ್ತು. ಒಳಗೆ ರೋಗಿ ಹಿಡಿದಾಗ ಹೊರಗೆ ತಾನೂ ಹಿಡಿಯುತ್ತಿದ್ದಳಂತೆ. ಮಧ್ಯಾಹ್ನ ಅವಳನ್ನು ಸ್ಟುಡಿಯೋಗೂ ಕಳಿಸಿದರು. ಸ್ಟುಡಿಯೋದವನು "ಅಲ್ಲಾಡಬೇಡಿ" ಅಂದನಂತೆ, ಅಷ್ಟೇ ಸಾಕಾಯಿತು. ತಂದ ಮೂರು ಫೋಟೋದಲ್ಲೂ ಉಬ್ಬಿದ ಕೆನ್ನೆ. ನರ್ಸು ಮೊಬೈಲಿನಲ್ಲಿ ಕದ್ದು ತೆಗೆಯಹೋದಳು. ಬಗ್ಗಿ ಕೆಲಸ ಮಾಡುವವಳ ನೆತ್ತಿ ಸಿಕ್ಕಿತು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಉಸಿರು ಹಿಡಿ ಅನ್ನುವ ಮೆಷಿನ್ ಮುಂದೆ ನಗು, ನಗು ಅನ್ನುವ ಕ್ಯಾಮೆರಾ ಮುಂದೆ ಉಸಿರು.

"ನನ್ನಿಂದ ನಿಮ್ಮ ಕೆಲಸ ಹೋಗುತ್ತೆ ಆಯಮ್ಮ," ಅಂದಳು ಅಕ್ಕ. ಎಕ್ಸ್‌ರೇ ಕೋಣೆಯ ಸ್ಟೂಲಿನ ಮೇಲೆ ಕೂತಿದ್ದಳು.

ಆಯಮ್ಮ ಗಾಲಿಕುರ್ಚಿಯಲ್ಲಿ ತಾನೇ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ಆ ದಿನ ಮಾತ್ರ ಅವಳ ಮುಖದಲ್ಲೂ ನಗು ಇರಲಿಲ್ಲ. "ಮೂರನೇ ಹೆಸರು ಅಕ್ಕ. ಮಗಳಿಗೆ ಹೇಳಿಬಿಟ್ಟಿದೀನಿ. ಎಲ್ಲರ ಥರ ಉಸಿರು ಹಿಡಿಯೋಣ ಅಂತ ಮನೇಲಿ ಕನ್ನಡಿ ಮುಂದೆ ನಿಂತು ಮಾಡಿದೆ. ಚೆನ್ನಾಗೇ ಬರುತ್ತೆ. ಇಲ್ಲಿಗೆ ಬಂದ್ರೆ ನೀವೆಲ್ಲ ಹಂಗೆ ನಿಂತಿರ್ತೀರಿ. ಬೇಗ ಬರೋಣ ಅಂದ್ರೆ ನಮ್ಮ ಕಡೆಯ ಮೊದಲ ಬಸ್ಸೇ ಎಂಟೂವರೆ ಮೇಲೆ."

ಆ ಸಂಜೆ ಮನೆಯಲ್ಲಿ ಅಕ್ಕ ಇದನ್ನು ಹೇಳಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. ಗಂಡ ನಿಧಾನಕ್ಕೆ ಹೇಳಿದ: "ನಿಂತುಹೋದ ಗಡಿಯಾರ ನನ್ನ ಮೇಜಿನ ಮೇಲೆ ನಡೆಯುತ್ತೆ, ಗಿರಾಕಿ ಮನೆಗೆ ಹೋದ್ರೆ ಮತ್ತೆ ನಿಲ್ಲುತ್ತೆ. ಆಗ ನಾನೇನ್ ಮಾಡ್ತೀನಿ ಹೇಳು? ಅವರ ಮನೆಗೇ ಹೋಗ್ತೀನಿ. ಅದು ಎಲ್ಲಿ ನಿಲ್ಲುತ್ತೋ ಅಲ್ಲೇ ನೋಡಬೇಕು."

"ಅಂದ್ರೆ?"

"ಆಯಮ್ಮ ಎಲ್ಲಿ ನಗ್ತಾರೋ ಅಲ್ಲಿಗೆ ಹೋಗಿ ನಿಲ್ಲು."

ಒಂಬತ್ತನೇ ದಿನ ಎಂಟೂವರೆಗೆ ಅಕ್ಕ ಮೆಷಿನ್ ಪಕ್ಕ, ಅದರಷ್ಟೇ ಎತ್ತರಕ್ಕೆ ಕ್ಯಾಮೆರಾ ಹಿಡಿದು ನಿಂತಳು. ಸಾಲು ಶುರುವಾಯಿತು. ದೊಡ್ಡ ಡಾಕ್ಟರು ಉಬ್ಬಿದರು, ಅಡುಗೆಯವನು ಉಬ್ಬಿದ, ಆಯಮ್ಮನ ಭುಜ ಕುಲುಕತೊಡಗಿತು. ಅವಳು ಮೆಷಿನ್ ಮುಂದೆ ಬಂದಳು, ಅಕ್ಕ ಗುಂಡಿ ಒತ್ತಿದಳು, ಒತ್ತುತ್ತಲೇ ಕಂಬದ ಹಿಂದೆ ಸರಿದಳು. ಫೋಟೋದಲ್ಲಿ ಕಂಬ. ಇನ್ನೊಮ್ಮೆ. ಮತ್ತೆ ಕಂಬ. ಮೂರನೇ ಸಲ ನಿಂತಲ್ಲೇ ನಿಂತಳು, ಆದರೆ ಬಾಯಿ ಸುಮ್ಮನಿರಲಿಲ್ಲ. "ಉಸಿರು ಎಳ್ಕೊ" ಎಂಬಷ್ಟು ಹೊರಬಿತ್ತು, ಆಯಮ್ಮನ ನಗು ಒಳಕ್ಕೆ ಹೋಗಿ ಕೆನ್ನೆ ಉಬ್ಬಿತು. ಆ ಕ್ಷಣ ಆಯಮ್ಮನ ಮುಖ ಮೆಷಿನ್ ಕಡೆ ಇದ್ದಿದ್ದರೆ ಹಾಜರಿಯೇ ಬೀಳುತ್ತಿತ್ತು. ಅವಳು ಅಕ್ಕನ ಕಡೆ ತಿರುಗಿದ್ದಳು.

ಸಾಲಿನಲ್ಲಿದ್ದ ಹಿರಿಯ ನರ್ಸು ಇಪ್ಪತ್ತು ಜನರ ಹಿಂದಿನಿಂದ ಮುಂದೆ ಬಂದಳು. ಜೇಬಿನಿಂದ ಥರ್ಮಾಮೀಟರ್ ತೆಗೆದು ಅಕ್ಕನ ಬಾಯಿಗಿಟ್ಟಳು. "ಕಚ್ಚಬೇಡಿ, ಮಾತಾಡಬೇಡಿ." ವಾಚ್‌ಮನ್‌ಗೆ ಹೇಳಿದಳು: "ನೀನು ಇವರ ಕೋಟು ಹಿಂದಿಂದ ಹಿಡ್ಕೊ. ಕಂಬದ ಕಡೆ ಹೋದ್ರೆ ಎಳಿ."

ವಾಚ್‌ಮನ್ ಹಗ್ಗಕ್ಕೆ ಕಟ್ಟಿದ ಕರುವನ್ನು ಹಿಡಿದಂತೆ ಹಿಡಿದ. ಅಕ್ಕ ಬಾಯಲ್ಲಿ ಥರ್ಮಾಮೀಟರ್, ಬೆನ್ನಿಗೆ ವಾಚ್‌ಮನ್, ಕಣ್ಣಿಗೆ ಕ್ಯಾಮೆರಾ. ಆಯಮ್ಮ ಅವಳನ್ನು ನೋಡಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ಎರಡು ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದುಕೊಂಡಿತು. ಅಕ್ಕನ ಕಾಲು ಕಂಬದ ಕಡೆ ಹೊರಟಿತು, ಕೋಟು ಬಿಗಿಯಿತು, ಕಾಲು ವಾಪಸು ಬಂತು. ಒತ್ತಿದಳು, ಒತ್ತುತ್ತಲೇ ಹೋದಳು. ಹದಿನಾರು ಫೋಟೋ. ಹದಿನೈದರಲ್ಲಿ ನಗುವಿಗೆ ಕಣ್ಣು ಮುಚ್ಚಿತ್ತು. ಒಂದರಲ್ಲಿ ತೆರೆದಿತ್ತು.

ಅದನ್ನು ದೊಡ್ಡ ಪರದೆಯ ಮೇಲೆ ನೋಡುತ್ತಿದ್ದಾಗ ಅಕ್ಕನಿಗೆ ಆಯಮ್ಮನ ಎಡಗೆನ್ನೆಯಲ್ಲೊಂದು ಗುಳಿ ಇರುವುದು ಮೊದಲ ಸಲ ಕಂಡಿತು. ಹತ್ತೊಂಬತ್ತು ವರ್ಷ ದಿನಾ ನೋಡಿದ ಮುಖ. ಆಯಮ್ಮನ ಬಲ ಮಣಿಕಟ್ಟಿನ ಹಳೆಯ ಬಿರುಕು ಮಾತ್ರ ಅವಳಿಗೆ ಬಾಯಿಪಾಠವಾಗಿತ್ತು. ಮ್ಯಾನೇಜರ್ ನಾಲ್ಕೂ ಐವತ್ತಕ್ಕೆ ಫೋಟೋ ಹಾಕಿದ. ಹಾಕುವ ಮೊದಲು ಬೆರಳಿಟ್ಟು ಕಿವಿ ಎಣಿಸಿದ.

ಹತ್ತನೇ ದಿನ ಎಲ್ಲರೂ ಬೇಗ ಬಂದು, ಉಬ್ಬಿ, ಒಳಗೆ ಹೋಗಿ, ಗೋಡೆಗುಂಟ ಸಾಲಾಗಿ ನಿಂತರು. ಆಯಮ್ಮ ಎಂಟೂ ಮುಕ್ಕಾಲಿಗೆ ಬಂದಳು. ತಲೆ ಬಾಚಿಕೊಂಡಿದ್ದಳು. ಮೆಷಿನ್ ಮುಂದೆ ನಿಂತಳು.

"ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ."

ಅವಳು ನಗುತ್ತಿರಲಿಲ್ಲ. ಅರವತ್ತು ಜನ ಸಾವಿನ ಮನೆಗೆ ಬಂದವರಂತೆ ನಿಂತು ನೋಡುತ್ತಿದ್ದರೆ ಯಾರಿಗೆ ನಗು ಬರುತ್ತದೆ?

"ನಗಿ ಆಯಮ್ಮ," ಅಂದಳು ಅಕ್ಕ. "ನಗು ಎಳ್ಕೊಳ್ಳಿ. ಹಿಡ್ಕೊಳ್ಳಿ."

"ಬರ್ತಿಲ್ಲ ಅಕ್ಕ. ಹೊಟ್ಟೇಲೇ ಇಲ್ಲ ಇವತ್ತು."

ಅಡುಗೆಯವನು ಒಂದು ಜೋಕು ಹೇಳಿದ. ಅದು ಹಳೆಯದು, ಹೇಳುವಾಗ ಕೊನೆಯೂ ಮರೆತುಹೋಯಿತು. ವಾಚ್‌ಮನ್ ಕ್ಯಾನು ಎತ್ತಿ ತೋರಿಸಿದ. ದೊಡ್ಡ ಡಾಕ್ಟರು ದೂರದಿಂದಲೇ ಕೆನ್ನೆ ಉಬ್ಬಿಸಿದರು, ಆದರೆ ಬೇಕೆಂದೇ ಮಾಡಿದ್ದು ಗೊತ್ತಾಗುತ್ತಿತ್ತು. ಆಯಮ್ಮ ಪಾಪ, ಮರ್ಯಾದೆಗೆ ತುಟಿ ಅಗಲಿಸಿದಳು. ಗುರುತು ಸಿಗಲಿಲ್ಲ. ಒಂಬತ್ತಕ್ಕೆ ನಾಲ್ಕು ನಿಮಿಷ.

ಆಗ ಮ್ಯಾನೇಜರ್ ತನ್ನ ಕೋಣೆಯಿಂದ ಹೊರಗೆ ಬಂದ. ಅವನು ದಿನಾ ಎಂಟಕ್ಕೇ, ಗೇಟಿನಲ್ಲಿ ಯಾರೂ ಇಲ್ಲದಾಗ ಬರುವವನು. ಅವನು ಉಬ್ಬಿದ್ದನ್ನು ಅಲ್ಲಿಯ ತನಕ ಒಬ್ಬರೂ ಕಂಡಿರಲಿಲ್ಲ. ಹಾಗೆ ಕಾಣದಿರುವುದಕ್ಕೆಂದೇ ಅವನು ಎಂಟಕ್ಕೆ ಬರುತ್ತಿದ್ದದ್ದು.

"ಬೆಳಿಗ್ಗೆ ನನ್ನದು ಸರಿಯಾಗಿ ಬಿತ್ತೋ ಇಲ್ವೋ ನೋಡ್ತೀನಿ. ಸ್ವಲ್ಪ ಜರುಗಿ ಆಯಮ್ಮ," ಅಂದ, ಯಾರ ಮುಖವನ್ನೂ ನೋಡದೆ.

ಅವನು ಟೈ ಸರಿಮಾಡಿಕೊಂಡ. ಗಲ್ಲ ಎತ್ತಿದ. ಉಸಿರು ಎಳೆದ. ಕೆನ್ನೆ ಉಬ್ಬಿತು, ಕಿವಿ ಕೆಂಪಾಯಿತು, ಟೈ ಕತ್ತಿಗೆ ಬಿಗಿದು ಕಣ್ಣೆರಡೂ ಮೀನಿನ ಕಣ್ಣಾದವು. ಫೋಟೋ ತೆಗೆದ ದಿನ ಅವನು ಎಲ್ಲರಿಗಿಂತ ಶ್ರದ್ಧೆಯಿಂದ ಹಿಡಿದಿದ್ದನಾದ್ದರಿಂದ ಈಗಲೂ ಅಷ್ಟೇ ಹಿಡಿಯಬೇಕಿತ್ತು. ಮೆಷಿನ್ ಯೋಚಿಸಿತು. ಅವನು ಹಿಡಿದೇ ಇದ್ದ. ಹೊಟ್ಟೆಯ ಹತ್ತಿರ ಅಂಗಿಯ ಒಂದು ಗುಂಡಿ ಟಪ್ ಎಂದು ಹಾರಿ ಪರದೆಗೆ ಬಡಿಯಿತು.

"ಧನ್ಯವಾದ."

ಆಯಮ್ಮನಿಂದ ಮೊದಲು ಬಂದದ್ದು ಶಿಳ್ಳೆಯಂಥ ಒಂದು ಸದ್ದು. ಆಮೇಲೆ ಅವಳು ಮೆಷಿನ್‌ನ ಸ್ಟ್ಯಾಂಡು ಹಿಡಿದುಕೊಳ್ಳಬೇಕಾಯಿತು. ಮುಖ ಎತ್ತಿದಾಗ ಗುಳಿ, ಹಲ್ಲಿಲ್ಲದ ಜಾಗ, ನೀರು ತುಂಬಿದ ಕಣ್ಣು ಎಲ್ಲವೂ ಪರದೆಯೊಳಗೆ ಬಂದವು.

"ಧನ್ಯವಾದ," ಅಂದಿತು ಮೆಷಿನ್. ಒಂಬತ್ತಕ್ಕೆ ಎರಡು ನಿಮಿಷ.

ಆ ಭಾನುವಾರ ಅಕ್ಕ ಒಂದೇ ಒಂದು ಫೋಟೋ ತೆಗೆದುಕೊಂಡು ವಾಚನಾಲಯದ ಮೆಟ್ಟಿಲು ಹತ್ತಿದಳು. ಡ್ರಾಯಿಂಗ್ ಮಾಸ್ತರು ಕನ್ನಡಕ ಹಣೆಗೇರಿಸಿದರು, ಮತ್ತೆ ಇಳಿಸಿದರು.

"ಈಯಮ್ಮ ಯಾಕೆ ಹಿಂಗೆ ನಗ್ತಿದಾರೆ?"

"ನನ್ನನ್ನ ನೋಡಿ ಸರ್."

"ನೀವೇನು ಮಾಡ್ತಿದ್ರಿ?"

"ಜ್ವರ ನೋಡ್ಕೊತಿದ್ದೆ."

ಮಾಸ್ತರು ಅದನ್ನು ಗೋಡೆಗೆ ಅಂಟಿಸಿದರು. ಪಕ್ಕದಿಂದಲೂ ಒಂದು ತೆಗೆದಿದ್ದರೆ ಚೆನ್ನಾಗಿತ್ತು ಎಂದು ಅಕ್ಕನಿಗೆ ಈಗಲೂ ಅನಿಸುತ್ತದೆ.

ಮುಂದಿನ ವಾರ ಮ್ಯಾನೇಜರ್ ಉಳಿದ ಅರವತ್ತೆರಡು ಜನರ ಫೋಟೋವನ್ನೂ ಬದಲಾಯಿಸಿಬಿಡೋಣವೆಂದು ಸ್ಟುಡಿಯೋದವನನ್ನು ಕರೆಸಿ, ಅರ್ಜಿ ಹಂಚಿದ. ಊಟದ ಹೊತ್ತಿನಲ್ಲಿ ಅಡುಗೆಯವನು ಸಾರಿನ ಸೌಟು ಹಿಡಿದುಕೊಂಡೇ ಒಂದು ಮಾತು ತೆಗೆದ.

"ಎಲ್ಲರೂ ಮನುಷ್ಯರ ಥರ ನಿಂತುಬಿಟ್ರೆ, ಬೆಳಿಗ್ಗೆ ಒಂಬತ್ತಕ್ಕೆ ಆಯಮ್ಮ ಏನ್ ನೋಡಿ ನಗಬೇಕು?"

ಆಯಮ್ಮ ಇನ್ನೊಂದು ವರ್ಷ ಫೋಟೋ ಬದಲಾಯಿಸುವಂತಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಸ್ಟುಡಿಯೋದವನು ಕಾರಿಡಾರಿನಲ್ಲಿ ಬಿಳಿ ಪರದೆ ಕಟ್ಟಿ ನಾಲ್ಕು ಗಂಟೆಯ ತನಕ ಕಾದ. ಒಬ್ಬರೂ ಬರಲಿಲ್ಲ. ಬಂದದ್ದು ದಂಡವಾಗಬಾರದೆಂದು ಮಂಡಿನೋವಿಗೆ ಒಂದು ಎಕ್ಸ್‌ರೇ ತೆಗೆಸಿಕೊಂಡ. ಮಂಡಿಗೆ ಉಸಿರು ಹಿಡಿಯುವ ಅಗತ್ಯವಿಲ್ಲ, ಆದರೂ ಅಕ್ಕ ಹಿಡಿಸಿದಳು.

ಮ್ಯಾನೇಜರ್ ಸಂಜೆ ಅರ್ಜಿಗಳನ್ನು ವಾಪಸು ತರಿಸಿಕೊಂಡ. ಎಲ್ಲವೂ ಖಾಲಿ. ತುಂಬಿದ್ದು ಒಂದೇ ಒಂದು, ಅವನದು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಮರುದಿನದಿಂದ ಅವನು ಎಂಟಕ್ಕೆ ಬರುವುದನ್ನು ಬಿಟ್ಟ. ಈಗ ಎಂಟೂ ಐವತ್ತಕ್ಕೆ, ಹೊಸ ಗುಂಡಿಯ ಅಂಗಿ ಹಾಕಿಕೊಂಡು ಬಂದು, ಸಾಲಿನಲ್ಲಿ ಆಯಮ್ಮನ ಮುಂದೆ ನಿಲ್ಲುತ್ತಾನೆ.